ಅರಿಶಿನದ ಬಟ್ಟೆಯ ಗಂಟು

ಹೋದ ಸೋಮವಾರ ನಂಜನಗೂಡಿಗೆ ಹೋಗಿ ನಂಜುಂಡೇಶ್ವರನಿಗೆ ಮುಡಿಪು, ಅಂದರೆ ಹರಕೆ ಹೊತ್ತು ಗಂಟು ಕಟ್ಟಿಟ್ಟ ಕಾಣಿಕೆ, ಒಪ್ಪಿಸಿ ಬಂದೆವು. ಮನಸ್ಸು ಮಾತ್ರ ಇನ್ನೂ ಅಲ್ಲೇ ಇದೆ.

ಮೂರು ತಿಂಗಳ ಹಿಂದೆ ತಮ್ಮ ಆಸ್ಪತ್ರೆಯಲ್ಲಿದ್ದ. ಈಗಲೇ ಏನೂ ಹೇಳೋಕಾಗಲ್ಲ ಎಂದು ಡಾಕ್ಟರು ಹೇಳಿದ ರಾತ್ರಿ ಮನೆಗೆ ಬಂದು ದೇವರ ಮುಂದೆ ಕೂತೆ. ದಿನಾ ಹೇಳುವ ಶ್ಲೋಕಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಿಳಿ ಬಟ್ಟೆಯ ಚೂರಿಗೆ ಅರಿಶಿನ ಹಚ್ಚಿ, 11 ರೂಪಾಯಿ ಇಟ್ಟು ಗಂಟು ಹಾಕಿದೆ. "ನಂಜುಂಡಪ್ಪಾ" ಅಂದೆ. ಅಷ್ಟೇ ಆಗಿದ್ದು.

ಮುಡಿಪು ಕಟ್ಟುವುದನ್ನು ಕಲಿಸಿದವಳು ಅಜ್ಜಿ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವಳ ಬೆರಳು ಹಳದಿಯಾಗುತ್ತಿತ್ತು. ಒದ್ದೆ ಬಟ್ಟೆ, ಹಸಿ ಅರಿಶಿನದ ಆ ವಾಸನೆ ಬಂದರೆ ಈಗಲೂ ಅವಳೇ ಪಕ್ಕದಲ್ಲಿ ಕೂತಂತಾಗುತ್ತದೆ. ಗಂಟು ಹಾಕುತ್ತಾ ಟಿಪ್ಪುವಿನ ಪಟ್ಟದಾನೆಯ ಕಥೆ ಹೇಳುತ್ತಿದ್ದಳು. ಆನೆಗೆ ಕಣ್ಣು ಹೋದದ್ದು, ಸುಲ್ತಾನ ನಂಜುಂಡನ ಮೊರೆ ಹೋದದ್ದು, ಕಣ್ಣು ಬಂದ ಮೇಲೆ ಪಚ್ಚೆಲಿಂಗ ಮಾಡಿಸಿಕೊಟ್ಟು "ಹಕೀಂ ನಂಜುಂಡ", ಅಂದರೆ ವೈದ್ಯ ನಂಜುಂಡ, ಎಂದು ಕರೆದದ್ದು, ಎಲ್ಲ ನಿಮಗೂ ಗೊತ್ತಿರುವುದೇ. ಆದರೆ ಅಜ್ಜಿ ಕೊನೆಗೆ ತನ್ನದೊಂದು ಮಾತು ಸೇರಿಸುತ್ತಿದ್ದಳು: "ಆನೆ ಏನು ಮಂತ್ರ ಹೇಳಿತೇನವ್ವ? ಆದರೂ ಅವನಿಗೆ ಕೇಳಿಸ್ತು."

ಆ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು.

ಇನ್ನೊಂದು ಹೇಳಲೇಬೇಕು. ತಾತನಿಗೂ ಅಜ್ಜಿ ಮುಡಿಪು ಕಟ್ಟಿದ್ದಳು. ತಾತ ಉಳಿಯಲಿಲ್ಲ. ಸೂತಕ ಕಳೆದ ಮೇಲೆ ಅದೇ ಗಂಟು ಹಿಡಿದು ನಂಜನಗೂಡಿಗೆ ಹೊರಟಳು. ಇನ್ನೇಕೆ ಎಂದು ಅಮ್ಮ ಅತ್ತರು. "ನಾನು ಹೇಳಿದ್ದನ್ನೆಲ್ಲ ಕೂತು ಕೇಳಿಸಿಕೊಂಡನಲ್ಲ, ಅದಕ್ಕೆ ಕೊಡಬೇಡವಾ?" ಅಂದಳು. ಆಗ ನನಗೆ ಅರ್ಥವಾಗಿರಲಿಲ್ಲ. ಹಾಲಾಹಲವನ್ನು ನುಂಗದೆ, ಉಗುಳದೆ ಕಂಠದಲ್ಲೇ ಇಟ್ಟುಕೊಂಡವನು ಅವನು. ನಮ್ಮ ಸಂಕಟವನ್ನೂ ಹಾಗೇ ಇಟ್ಟುಕೊಳ್ಳುತ್ತಾನೆ ಎಂದು ಈಗ ಅನಿಸುತ್ತದೆ.

ನಮ್ಮ ಮನೆಯ ಮಕ್ಕಳಿಗೆ ಮುಡಿಪು ಅಂದರೇನು ಅಂತಲೇ ಗೊತ್ತಿಲ್ಲ. ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುವುದರಲ್ಲೇ ಅರ್ಧ ಗಂಟೆ ಹೋಯಿತು. ಅವರ ತಪ್ಪಲ್ಲ, ಕೂರಿಸಿಕೊಂಡು ಹೇಳದಿದ್ದ ನಮ್ಮದೇ ತಪ್ಪು. ಕಷ್ಟ ಬಂದಾಗ ಯಾರ ಹತ್ತಿರ ಹೋಗಿ ಕೂರಬೇಕು ಅಂತ ಅವರಿಗೂ ಗೊತ್ತಿರಬೇಕಲ್ವಾ?

ತಮ್ಮನಿಗೆ ಇನ್ನೂ ನಿಶ್ಶಕ್ತಿ. ಕಪಿಲೆಯಲ್ಲಿ ಮುಳುಗುವುದು ಬೇಡ ಎಂದು ತಲೆಗೆ ನೀರು ಚಿಮುಕಿಸಿದೆವು. ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುತ್ತಿದ್ದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಾಗ ಅವನ ಕಣ್ಣು ತುಂಬಿತ್ತು. ಹುಂಡಿಯ ಮುಂದೆ ನಾನು ಗಂಟು ಬಿಚ್ಚಲು ಹೋದೆ. ಬಿಗಿಯಾಗಿ ಕೂತುಬಿಟ್ಟಿತ್ತು. "ಕೊಡಕ್ಕ" ಎಂದು ಅವನೇ ಇಸಿದುಕೊಂಡ. ಬೆರಳು ನಡುಗುತ್ತಿತ್ತು. ಹಿಂದೆ ಜನ ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ. ನಿಧಾನವಾಗಿ, ತಾನೇ ಬಿಚ್ಚಿದ.