ಬೀಳು ಬಿಟ್ಟ ಹೊಲಕ್ಕೂ ಇಲ್ಲಿ ಗೇಣಿ ಇದೆ

ಅಮೆರಿಕದ ಅಯೋವಾದಲ್ಲಿ ಕೂತು ಏನು ಸಂಶೋಧನೆ ಮಾಡ್ತೀಯ ಅಂತ ತುಂಬಾ ಜನ ಕೇಳುತ್ತಾರೆ. ರೈತರು ಹೊಲ ಉಳದೆ ಬಿಟ್ಟರೆ ಇಲ್ಲಿನ ಸರ್ಕಾರ ದುಡ್ಡು ಕೊಡುತ್ತದೆ. ಆ ದುಡ್ಡಿನಿಂದ ಮಣ್ಣು, ನೀರಿಗೆ ನಿಜಕ್ಕೂ ಎಷ್ಟು ಉಪಯೋಗ ಆಯಿತು ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ.

ಯೋಜನೆಯ ಹೆಸರು ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ, 1985ರ ಕೃಷಿ ಕಾಯ್ದೆಯಲ್ಲಿ ಶುರುವಾಗಿದ್ದು. ಮಣ್ಣು ಕೊಚ್ಚಿಹೋಗುವ ಇಳಿಜಾರು, ಹೊಳೆಯಂಚಿನ ಜಾಗ, ಇಂಥ ಕಡೆ 10ರಿಂದ 15 ವರ್ಷ ಹುಲ್ಲೋ ಮರವೋ ಬೆಳೆಸುತ್ತೇವೆ ಅಂತ ಒಪ್ಪಿಕೊಂಡರೆ ಎಕರೆಗೆ ಇಷ್ಟು ಅಂತ ವರ್ಷ ವರ್ಷ ಗೇಣಿ ಬರುತ್ತದೆ.

ಕಷ್ಟ ಇರುವುದು ಲೆಕ್ಕದಲ್ಲಿ. ದುಡ್ಡು ಕೊಡದಿದ್ದರೂ ಆ ಬಡ ಮಣ್ಣಿನ ಹೊಲವನ್ನು ಅವರು ಸುಮ್ನೆ ಬಿಡುತ್ತಿದ್ದರಾ? ಆಗದೇ ಇದ್ದದ್ದನ್ನು ಅಳೆಯಬೇಕು ನೋಡಿ. ಇನ್ನೊಂದು, ಇಲ್ಲಿ ಬೀಳು ಬಿಟ್ಟವರು ಪಕ್ಕದ ಹುಲ್ಲುಗಾವಲನ್ನೇ ಉತ್ತುಬಿಡಬಹುದು. ಜುನ್‌ಜಿ ವು ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನೇ ಅಂದಾಜು ಮಾಡಿದರು: ಅಮೆರಿಕದ ನಡುಭಾಗದ ರಾಜ್ಯಗಳಲ್ಲಿ 100 ಎಕರೆ ಬೀಳು ಬಿಟ್ಟರೆ ಸುಮಾರು 20 ಎಕರೆ ಹೊಸ ಜಮೀನು ಉಳುಮೆಗೆ ಬರುತ್ತದೆ ಅಂತ. ಈ ಅಂದಾಜನ್ನು ಒಪ್ಪದವರೂ ಇದ್ದಾರೆ, ಆದರೆ ಪ್ರಶ್ನೆಯನ್ನು ಯಾರೂ ತಳ್ಳಿಹಾಕುವ ಹಾಗಿಲ್ಲ.

ಮೆಕ್ಕೆಜೋಳದ ರೇಟು ಏರಿದರೆ ಕಥೆಯೇ ಬೇರೆ. 2007ರಲ್ಲಿ ಈ ಯೋಜನೆಯಡಿ 3.6 ಕೋಟಿ ಎಕರೆಗೂ ಜಾಸ್ತಿ ಜಮೀನಿತ್ತು. ಆಮೇಲೆ ಮೆಕ್ಕೆಜೋಳದಿಂದ ಮಾಡುವ ಇಂಧನ ಎಥೆನಾಲ್‌ಗೆ ಬೇಡಿಕೆ ಬಂತು, ಬೆಲೆ ಏರಿತು, ಒಪ್ಪಂದ ಮುಗಿದ ಹೊಲಗಳಿಗೆ ಮತ್ತೆ ನೇಗಿಲು ಬಂತು, 2014ರ ಕಾಯ್ದೆ ಮಿತಿಯನ್ನೇ 2.4 ಕೋಟಿ ಎಕರೆಗೆ ಇಳಿಸುತ್ತಾ ಹೋಯಿತು. ಹತ್ತು ವರ್ಷ ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಒಂದೇ ಸಲ ಮತ್ತೆ ಬಯಲಾಗುತ್ತದೆ. ನನಗಂತೂ ಇದು ಸಂಕಟದ ವಿಷಯ.

ನೀರಿನ ಕಡೆ ನೋಡಿ. ಇಲ್ಲಿನ ಹೊಲಗಳ ಅಡಿಯಲ್ಲಿ ನೀರು ಬಸಿಯಲು ಪೈಪು ಹಾಕಿರುತ್ತಾರೆ. ಗೊಬ್ಬರದ ನೈಟ್ರೇಟ್ ಅದರಲ್ಲೇ ಹರಿದು ನದಿ ಸೇರುತ್ತದೆ. ಇಲ್ಲಿನ ನಿಯಮದಂತೆ ಕುಡಿಯುವ ನೀರಿನಲ್ಲಿ ಅದು, ಅದರಲ್ಲಿರುವ ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಹಾಗಾಗಿ ಡಿ ಮೊಯಿನ್ ನಗರದವರು ಅದನ್ನು ತೆಗೆಯಲೆಂದೇ ದೊಡ್ಡ ಘಟಕ ಕಟ್ಟಿಕೊಂಡಿದ್ದಾರೆ. ಖರ್ಚು ನೀರು ಕುಡಿಯುವವರದ್ದು. ರೈತರ ಲೆಕ್ಕದ ಪುಸ್ತಕಕ್ಕೆ ಅದು ಬರುವುದೇ ಇಲ್ಲ. ಅವರನ್ನೂ ದೂರುವಂತಿಲ್ಲ, ಅಯೋವಾದ ಕೃಷಿ ಜಮೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗೇಣಿಯದ್ದು, ಮುಂದಿನ ವರ್ಷ ಕೈಯಲ್ಲಿರುತ್ತೋ ಇಲ್ಲವೋ ಗೊತ್ತಿಲ್ಲದ ಹೊಲದ ಮಣ್ಣಿಗೆ ಯಾರು ತಾನೇ ದುಡ್ಡು ಸುರಿಯುತ್ತಾರೆ, ಅಲ್ವಾ?

ನನ್ನನ್ನು ಕೇಳಿದರೆ, ದೊಡ್ಡ ದೊಡ್ಡ ಹೊಲಗಳನ್ನು ಹತ್ತು ವರ್ಷಕ್ಕೆ ಹಿಡಿಯುವುದಕ್ಕಿಂತ ಹೊಳೆಗಳ ಅಂಚಿನ ಕಿರಿದಾದ ಪಟ್ಟಿಗಳನ್ನು ಕಾಯಂ ಆಗಿ ಕೊಂಡುಕೊಳ್ಳಬೇಕು. ಬೆಳೆಯೂ ಹೆಚ್ಚು ಕಳೆದುಹೋಗುವುದಿಲ್ಲ, ರೇಟು ಏರಿದಾಗ ಯಾರೂ ಅದನ್ನು ಉಳುವುದಕ್ಕೂ ಆಗುವುದಿಲ್ಲ.