ಆರು ಗಾಲಿಯ ಪಿಕಪ್‌ಗೆ ನಾಲ್ಕೇ ಗಾಲಿ: ಇಲ್ಲಿವರೆಗಿನ ಕೆಲಸ

ಮಾರ್ಚ್ ಕೊನೆ

ಗಾಡಿ 2002ರ ಫೋರ್ಡ್ ಎಫ್-350. 7.3 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್, ಆಟೊಮ್ಯಾಟಿಕ್ ಗೇರ್, ಫೋರ್ ವೀಲ್ ಡ್ರೈವ್, ಎಂಟು ಅಡಿಯ ಹಿಂದಿನ ಬಾಡಿ. ಹಿಂದೆ ಎರಡೆರಡು ಗಾಲಿ. ಇಲ್ಲಿ ಮಿಶಿಗನ್‌ನಲ್ಲಿ ಇದಕ್ಕೆ ‘ಡ್ಯೂಯಲಿ’ ಅನ್ನುತ್ತಾರೆ. ಮೊದಲಿನ ಮಾಲೀಕರು ಕುದುರೆ ಟ್ರೇಲರ್ ಎಳೆಯುತ್ತಿದ್ದರು. ನಾನು ಎಳೆಯುವುದು ಸೌದೆ, ಜಲ್ಲಿ, ವರ್ಷಕ್ಕೆರಡು ಸಲ ಸಣ್ಣ ಟ್ರ್ಯಾಕ್ಟರ್. ಅಷ್ಟಕ್ಕೆ ಆರು ಗಾಲಿ ಯಾಕೆ?

ಚಳಿಗಾಲದಲ್ಲಿ ಉತ್ತರ ಸಿಕ್ಕಿತು. ಹಿಂದೆ ಭಾರ ಇಲ್ಲದಿದ್ದಾಗ ನಾಲ್ಕು ಟಯರ್ ಹಿಮದ ಮೇಲೆ ತೇಲುತ್ತವೆ, ಕಚ್ಚುವುದೇ ಇಲ್ಲ. ಜೊತೆಗೆ ಗಾಡಿ ಹಿಂದೆ ಹತ್ತಿರ ಹತ್ತಿರ ಎಂಟು ಅಡಿ ಅಗಲ. ಕಾರ್ ವಾಶ್‌ನವರು ದೂರದಿಂದಲೇ ಕೈ ಆಡಿಸಿ ಬೇಡ ಅನ್ನುತ್ತಾರೆ. ಟಯರ್ ಬದಲಿಸುವಾಗ ನಾಲ್ಕಲ್ಲ, ಆರಕ್ಕೆ ದುಡ್ಡು.

ಹಿಂದೆಯೂ ಒಂದೊಂದೇ ಗಾಲಿ ಮಾಡಿಬಿಡುವುದು ಅಂತ ತೀರ್ಮಾನಿಸಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಚಿತ್ರದುರ್ಗದಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ‘ಇರೋ ಟಯರ್ ಬಿಚ್ಚಿ ಬಿಸಾಕೋಕೂ ದುಡ್ಡು ಖರ್ಚು ಮಾಡ್ತೀಯೇನೋ?’ ಅಂದರು.

ಏಪ್ರಿಲ್, ಮೊದಲ ವಾರ: ಲೆಕ್ಕ

ಪಕ್ಕದ ಮನೆಯವರ ಸಲಹೆ ಸುಲಭದ್ದು. ಹೊರಗಿನ ಎರಡು ಟಯರ್ ಬಿಚ್ಚಿಬಿಡು, ಮುಗೀತು. ಮುಗಿಯುವುದಿಲ್ಲ. ಈ ಗಾಡಿಯ ಆರೂ ರಿಮ್ ಒಂದೇ ತರಹದವು, ಆಳವಾದ ಬಟ್ಟಲಿನ ಹಾಗೆ. ಹಿಂದೆ ಎರಡು ಬಟ್ಟಲು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಹೊರಗಿನದು ತೆಗೆದರೆ ಒಳಗಿನದು ಸ್ಪ್ರಿಂಗ್ ಪಕ್ಕಕ್ಕೇ ಹೋಗಿ ಕೂತಿರುತ್ತದೆ. ಅಷ್ಟಗಲದ ಗಾಡಿ ಅಷ್ಟು ಒಳಗೆ ಕಾಲಿಟ್ಟು ನಿಂತರೆ ತಿರುವಿನಲ್ಲಿ ಏನಾಗುತ್ತದೆ ಅಂತ ಲಾರಿಯವರನ್ನು ಕೇಳಿ.

ನಿಜವಾದ ಲೆಕ್ಕ ಟಯರ್ ಮೇಲೇ ಬರೆದಿದೆ. ನನ್ನ ಹಳೆ ಸೈಜ್ 235/85 ಆರ್ 16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ. ಜೋಡಿಯಾಗಿ ಹಾಕಿದಾಗ 80 ಪಿಎಸ್‌ಐ ಗಾಳಿಗೆ ಒಂದೊಂದು 2,778 ಪೌಂಡ್ ಹೊರುತ್ತದೆ. ನಾಲ್ಕು ಸೇರಿ 11,112 ಪೌಂಡ್, ಅಂದರೆ ಐದು ಟನ್‌ಗಿಂತ ಸ್ವಲ್ಪ ಜಾಸ್ತಿ. ಅದೇ ಜಾಗಕ್ಕೆ ಒಂದೊಂದೇ 265/75 ಆರ್ 16 ಹಾಕಿದರೆ ತಲಾ 3,415. ಎರಡು ಸೇರಿ 6,830 ಪೌಂಡ್. ಮೂರು ಟನ್ ಚಿಲ್ಲರೆ.

ಒಂದು ತಮಾಷೆ ನೋಡಿ. ಹಿಂದೆ ಒಂಟಿ ಗಾಲಿಯ ಎಫ್-350ಕ್ಕೆ ಫೋರ್ಡ್ ಕೊಟ್ಟಿದ್ದ ಹಿಂದಿನ ಆಕ್ಸಲ್ (ಗಾಲಿಗಳ ಅಚ್ಚು) ಹೊರುವ ಭಾರದ ಮಿತಿಯೂ 6,830 ಪೌಂಡೇ. ಹೌಸಿಂಗ್ (ಆಕ್ಸಲ್‌ನ ಕಬ್ಬಿಣದ ಕವಚ), ಸ್ಪ್ರಿಂಗ್ ಎಷ್ಟೇ ಗಟ್ಟಿ ಇರಲಿ, ಕೊನೆಗೆ ಮಾತು ನಡೆಯುವುದು ಟಯರ್‌ದು.

ನನ್ನ ಬಾಗಿಲಿನ ಸ್ಟಿಕ್ಕರ್ ಮೇಲೆ ಸಾಮಾನು ಸೇರಿ ಗಾಡಿಯ ಒಟ್ಟು ತೂಕದ ಮಿತಿ 11,200 ಪೌಂಡ್ ಅಂತಿದೆ. ಒಂಟಿ ಗಾಲಿಯದ್ದಕ್ಕೆ 9,900. ಕೆಲಸ ಮುಗಿದ ಮೇಲೂ ಸ್ಟಿಕ್ಕರ್ ಹಾಗೇ ಇರುತ್ತದೆ, ಆದರೆ ಗಾಡಿ ಆ ಗಾಡಿಯಾಗಿ ಉಳಿದಿರುವುದಿಲ್ಲ. ಹಿಂದಿನ ಬಾಡಿಯೊಳಗೇ ಸಿಕ್ಕಿಸುವ ದೊಡ್ಡ ಗೂಸ್‌ನೆಕ್ ಟ್ರೇಲರ್ ಎಳೆಯುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಸೌದೆಗೆ ಮೂರು ಟನ್ ಸಾಕು.

ಇನ್ನೊಂದು ಅದೃಷ್ಟ. 235/85ಕ್ಕೂ 265/75ಕ್ಕೂ ಎತ್ತರದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಸ್ಪೀಡೋಮೀಟರ್ ಮುಟ್ಟಬೇಕಾಗಿಲ್ಲ.

ಏಪ್ರಿಲ್, ಮೂರನೇ ಶನಿವಾರ: ಸಾಮಾನು

ಗುಜರಿ ಯಾರ್ಡ್‌ನಲ್ಲಿ 2000ದ ಎಫ್-350 ಸಿಕ್ಕಿತು. ಮುಂದೆ ಗುದ್ದಿಸಿಕೊಂಡಿತ್ತು, ಹಿಂದೆ ಒಂಟಿ ಗಾಲಿ, ನನ್ನದರಷ್ಟೇ ಉದ್ದ. ಅದರ ಹಿಂದಿನ ಆಕ್ಸಲ್, ಅಂದರೆ ಸ್ಟರ್ಲಿಂಗ್ 10.5 ಹೌಸಿಂಗ್ ಪೂರ್ತಿ ತೆಗೆದುಕೊಂಡೆ, ಬ್ರೇಕ್ ಡಿಸ್ಕ್ ಸಮೇತ. ಅದನ್ನು ತಿರುಗಿಸುವ ಉದ್ದದ ಪ್ರೊಪೆಲ್ಲರ್ ಶಾಫ್ಟನ್ನೂ ಬಿಡಲಿಲ್ಲ. ನನ್ನ ಗಾಡಿಯಲ್ಲಿ ಇದ್ದದ್ದು ಡೇನಾ 80 ಅನ್ನುವ ಬೇರೆ ಆಕ್ಸಲ್. ಅದರ ಶಾಫ್ಟ್ ಇದಕ್ಕೆ ಹೊಂದಿಸುವ ತಲೆನೋವು ಬೇಡವಾಗಿತ್ತು. ಅಂದಹಾಗೆ ಸ್ಟರ್ಲಿಂಗ್ ಅನ್ನುವ ಹೆಸರು ಬಂದದ್ದು ಇದೇ ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನಿಂದ. ಹೌಸಿಂಗ್ ಪಾಪ ತವರಿನ ಹತ್ತಿರವೇ ಗುಜರಿ ಸೇರಿತ್ತು.

ದುಡ್ಡು ಕೊಡುವ ಮೊದಲು ಗೇರ್ ರೇಶಿಯೊ ನೋಡಲೇಬೇಕು. ನನ್ನ ಮುಂದಿನ ಆಕ್ಸಲ್ 4.10, ಅಂದರೆ ಗಾಲಿ ಒಂದು ಸುತ್ತು ತಿರುಗಲು ಶಾಫ್ಟ್ 4.10 ಸುತ್ತು. ಹಿಂದಿನದು ಬೇರೆಯಾದರೆ ಫೋರ್ ವೀಲ್ ಹಾಕಿದ ದಿನ ಮುಂದಿನ ಗಾಲಿ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ. ಮಧ್ಯೆ ಸಿಕ್ಕಿ ಸಾಯುವುದು ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಶಾಫ್ಟ್ ಬಂದು ಸೇರುವ ಪಿನಿಯನ್ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಇಬ್ಬರು ಸೇರಿ ಗಾಲಿ ಕೂರುವ ಎರಡೂ ಹಬ್ ಒಟ್ಟಿಗೆ ಒಂದು ಸುತ್ತು ತಿರುಗಿಸಿದೆವು. ಪಿನಿಯನ್ ನಾಲ್ಕು ಸುತ್ತು ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು. 4.10 ಸರಿ. 3.73 ಆಗಿದ್ದರೆ ನಾಲ್ಕು ಸುತ್ತು ಪೂರ್ತಿ ಆಗುತ್ತಲೇ ಇರಲಿಲ್ಲ.

ರಿಮ್ ವಿಷಯದಲ್ಲಿ ಮೋಸ ಹೋದೆ. ‘ಎಂಟು ಬೋಲ್ಟ್, ಫೋರ್ಡ್‌ಗೆ ಕೂರುತ್ತೆ’ ಅಂತ ಒಬ್ಬರು ನಾಲ್ಕು ರಿಮ್ ಕೊಟ್ಟರು. ಮನೆಗೆ ತಂದು ನೋಡಿದರೆ ಅವುಗಳ ಬೋಲ್ಟ್ ತೂತುಗಳ ವೃತ್ತ 165.1 ಮಿಲಿಮೀಟರ್. 1999ರಿಂದ ಈ ಸೂಪರ್ ಡ್ಯೂಟಿ ಗಾಡಿಗಳದ್ದು 170. ಕಣ್ಣಿಗೆ ಎರಡೂ ಒಂದೇ, ಹಬ್‌ಗೆ ಮಾತ್ರ ಗೊತ್ತಾಗುತ್ತದೆ. 2005ರ ನಂತರದ ಡ್ಯೂಯಲಿಗೆ 200 ಮಿಲಿಮೀಟರ್, ಅದೂ ಬೇರೆ. ಟೇಪ್ ಜೇಬಿನಲ್ಲೇ ಇತ್ತು, ತೆಗೆದು ಅಳೆಯಲಿಲ್ಲ. ಯಾರನ್ನು ಬೈಯಲಿ? ಸರಿಯಾದ ನಾಲ್ಕನ್ನು ಬೇರೆ ಹುಡುಕಿ ತಂದೆ.

ಡ್ಯೂಯಲಿಯ ಅಗಲದ ಹಿಂದಿನ ಬಾಡಿ ಒಂಟಿ ಗಾಲಿಗೆ ಹೊಂದುವುದಿಲ್ಲ, ಅದನ್ನೂ ಬದಲಿಸಬೇಕು. ಬೇರೆ ಬಾಡಿ ಸಿಕ್ಕಿದ್ದು ಸುಲಭವಾಗಿ. ಇಲ್ಲಿ ಹೊಸ ಗಾಡಿಗೆ ಟೂಲ್ ಪೆಟ್ಟಿಗೆ ಬಾಡಿ ಕಟ್ಟಿಸುವವರು ಮೂಲ ಬಾಡಿಯನ್ನು ಮಾರಿಬಿಡುತ್ತಾರೆ. 1999ರಿಂದ 2007ರವರೆಗಿನ ಎಂಟಡಿಯ ಬಾಡಿ ಬೇಕಿತ್ತು. ಒಂದು ಸಿಕ್ಕಿತು, ಬಣ್ಣ ಬಿಳಿ. ನನ್ನ ಗಾಡಿ ಕಡು ಹಸಿರು. ಇರಲಿ ಬಿಡಿ.

ಮೇ, ಎರಡು ವಾರಾಂತ್ಯ: ಬಿಚ್ಚುವುದು

ಮೊದಲು ಬಾಡಿ ಇಳಿಸಬೇಕು, ಆಮೇಲೆ ಹೌಸಿಂಗ್. ಹೀಗೆ ಮಾಡಿದರೆ ಮೇಲೆ ನಿಂತೇ ಕೆಲಸ ಮಾಡಬಹುದು, ಅಡಿಗೆ ತೂರುವುದು ಕಡಿಮೆ. ಡೀಸೆಲ್ ಹಾಕುವ ಬಾಯಿ, ಹಿಂದಿನ ದೀಪದ ವೈರ್, ಆಮೇಲೆ ಬಾಡಿ ಬೋಲ್ಟ್. ಹೇಳುವುದಕ್ಕೆ ಅಷ್ಟೇ.

ಡೆಟ್ರಾಯಿಟ್ ನಗರದ ಕೆಳಗೇ ಉಪ್ಪಿನ ಗಣಿ ಇದೆ. ಚಳಿಗಾಲವಿಡೀ ಈ ರಾಜ್ಯದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಇಪ್ಪತ್ತು ಚಳಿಗಾಲ ಉಪ್ಪು ತಿಂದ ಬೋಲ್ಟ್ ನಿಮ್ಮ ಮಾತು ಕೇಳುತ್ತದೆ ಅಂದುಕೊಳ್ಳಬೇಡಿ. ಮೂರು ಬಂದವು. ಉಳಿದವನ್ನು ಗ್ರೈಂಡರ್‌ನಲ್ಲಿ ಕೊಯ್ದೆ. ಬಾಡಿ ಎತ್ತಲು ನಾಲ್ವರು ಕನ್ನಡದ ಗೆಳೆಯರನ್ನು ಕರೆದೆ. ಬಿಸಿಬೇಳೆಬಾತ್ ಇದೆ ಅಂತ ಹೇಳಿದ್ದೆ, ಬಾಡಿ ಎತ್ತಬೇಕು ಅಂತ ಹೇಳಿರಲಿಲ್ಲ.

ಹೌಸಿಂಗನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್‌ಗಳನ್ನೂ ಕೊಯ್ದೆ. ಅದರ ಬಗ್ಗೆ ಬೇಜಾರಿಲ್ಲ. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಹಾಕಬಾರದು, ಮೇಲಾಗಿ ಎರಡು ಹೌಸಿಂಗ್‌ಗಳ ಪೈಪಿನ ದಪ್ಪವೂ ಬೇರೆ. ಸ್ಪ್ರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಹೊಸದು ಬಗ್ಗಿಸಿಕೊಂಡು ಬಂದೆ. ಬ್ರೇಕ್ ಪೈಪಿನ ನಟ್ ತಿರುಗಿಸಿದೆ, ನಟ್ ಜೊತೆ ಪೈಪೂ ತಿರುಗಿ ಮುರಿಯಿತು. ಹಿಂದಿನ ಲೈನ್ ಪೂರ್ತಿ ಹೊಸದು ಎಳೆಯಬೇಕಾಯಿತು. ಒಂದು ಭಾನುವಾರ ಅದಕ್ಕೇ ಹೋಯಿತು.

ಹೊಸ ಹೌಸಿಂಗ್ ಕೂರಿಸಿದ್ದು ಎಂಜಿನ್ ಎತ್ತುವ ಬಾಡಿಗೆ ಕ್ರೇನ್‌ನಿಂದ. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತಲೆ ಹೌಸಿಂಗಿನ ತೂತಿಗೆ ಬೀಳಲು ಅರ್ಧ ಗಂಟೆ ಸತಾಯಿಸಿತು. ಕವರ್ ತೆಗೆದು ನೋಡಿದೆ. ಒಳಗಿನ ಕ್ರೌನ್ ಗೇರಿನ ಹಲ್ಲು ಚೆನ್ನಾಗಿವೆ, ತಳದಲ್ಲಿ ಚೂರುಪಾರು ಇಲ್ಲ. 75ಡಬ್ಲ್ಯೂ-140 ಸಿಂಥೆಟಿಕ್ ಆಯಿಲ್ ಹಾಕಿ ಮುಚ್ಚಿದೆ.

ಜೂನ್: ಮುಂದಿನ ಗಾಲಿ ಮತ್ತು ಮೊದಲ ಓಟ

ಹಿಂದಿನದಷ್ಟೇ ಬದಲಿಸಿದರೆ ಸಾಲದು. ಡ್ಯೂಯಲಿ ರಿಮ್ ಆಳ ಇರುವುದರಿಂದ ಮುಂದಿನ ಹಬ್ ಮೇಲೆ ದಪ್ಪ ಅಡಾಪ್ಟರ್ ಕೂರಿಸಿರುತ್ತಾರೆ. ಅದನ್ನು ಬಿಚ್ಚಿದರೆ ಮಾತ್ರ ಒಂಟಿ ಗಾಲಿಯ ರಿಮ್ ಸರಿಯಾದ ಜಾಗಕ್ಕೆ ಬರುತ್ತದೆ. ಬಲಗಡೆಯದು ಹತ್ತು ನಿಮಿಷಕ್ಕೆ ಬಂತು. ಎಡಗಡೆಯದು ಹಬ್‌ಗೆ ತುಕ್ಕಿನಿಂದ ಬೆಸೆದುಕೊಂಡಿತ್ತು. ಎರಡು ಸಂಜೆ ಎಣ್ಣೆ, ಬೆಂಕಿ, ಸುತ್ತಿಗೆ. ಮೂರನೇ ಸಂಜೆ ‘ಟಣ್’ ಅಂತ ಕಾಲ ಬಳಿ ಬಿತ್ತು. ಕಾಲು ಉಳಿಯಿತು.

ಮೊದಲ ಓಟ. ಗಾಡಿ ಚೆನ್ನಾಗಿ ಹೋಗುತ್ತಿದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆಯಲ್ಲೇ ಮಲಗಿದೆ. ಬ್ರೇಕಿನ ಎಬಿಎಸ್ ದೀಪವೂ ಉರಿಯುತ್ತಿದೆ. ಒಂದು ಕ್ಷಣ ಎದೆ ಧಸಕ್ ಅಂದಿತು. ಆಮೇಲೆ ನೆನಪಾಯಿತು. ಈ ಗಾಡಿಯಲ್ಲಿ ವೇಗದ ಸೆನ್ಸರ್ ಇರುವುದು ಹಿಂದಿನ ಹೌಸಿಂಗ್ ತಲೆ ಮೇಲೆ. ಅದರ ಪ್ಲಗ್ಗನ್ನು ಫ್ರೇಮಿಗೆ ಕಟ್ಟಿ ಹಾಗೇ ಬಿಟ್ಟಿದ್ದೆ. ಸಿಕ್ಕಿಸಿದೆ, ಮುಳ್ಳು ಎದ್ದಿತು.

ನೂರು ಮೈಲಿ ಆದ ಮೇಲೆ ಗಾಲಿಯ ನಟ್‌ಗಳನ್ನೂ ಯು ಬೋಲ್ಟ್‌ಗಳನ್ನೂ ಮತ್ತೆ ಬಿಗಿದೆ. ಯು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡಿತು. ಕಾರ್ ವಾಶ್‌ಗೂ ಹೋಗಿ ಬಂದೆ. ಅಲ್ಲಿಯ ಹುಡುಗ ಕೈ ಆಡಿಸಲಿಲ್ಲ, ಹಸಿರು ಗಾಡಿಯ ಬಿಳಿ ಬೆನ್ನು ನೋಡಿ ನಕ್ಕ.

ಉಳಿದಿರುವುದು

50 ಮೈಲಿ ವೇಗದಲ್ಲಿ ಸೀಟಿನ ಕೆಳಗೆ ಸಣ್ಣ ನಡುಕ ಇದೆ. ಶಾಫ್ಟ್ ಎರಡು ತುಂಡಿನದು, ಮಧ್ಯದ ಬೇರಿಂಗ್ ಮೇಲೆ ಅನುಮಾನ. ಗುಜರಿಯಿಂದ ತಂದದ್ದನ್ನು ರಬ್ಬರ್ ನೋಡದೇ ಹಾಗೇ ಹಾಕಿದ್ದು ನನ್ನ ಸೋಮಾರಿತನ. ಹೊಸದು ತರಿಸಿದ್ದೇನೆ.

ಹಳೆ ಡೇನಾ 80ಯನ್ನು ಒಬ್ಬ ರೈತರು ಟ್ರೇಲರ್ ಎಳೆಯುವ ತಮ್ಮ ಗಾಡಿಗೆ ಅಂತ ಕೊಂಡುಹೋದರು. ಅದಕ್ಕೆ ತಕ್ಕ ಕೆಲಸ ಸಿಕ್ಕಿತು. ಸರಿ ಹೊಂದದ ಆ ನಾಲ್ಕು ರಿಮ್ ಇನ್ನೂ ಶೆಡ್‌ನಲ್ಲಿವೆ. ಹೆಂಡತಿ ಅವುಗಳಲ್ಲಿ ಹೂವಿನ ಗಿಡ ಹಾಕುವ ಯೋಚನೆಯಲ್ಲಿದ್ದಾಳೆ.

ದೊಡ್ಡ ಕೊರತೆ ಸ್ಟಪ್ನಿಯದು. ಗಾಡಿ ಅಡಿಯಲ್ಲಿ ನೇತಾಡುತ್ತಿರುವುದು ಹಳೆ ಡ್ಯೂಯಲಿ ರಿಮ್. ಎತ್ತರ ಸರಿ, ಆಳ ತಪ್ಪು. ಐದನೇ ರಿಮ್ ಹುಡುಕುತ್ತಿದ್ದೇನೆ. ಅಪ್ಪ ಮೊನ್ನೆ ಫೋನ್‌ನಲ್ಲಿ ಎಲ್ಲ ಕೇಳಿಸಿಕೊಂಡರು. ‘ಮೊದಲು ಆರಿದ್ದವು. ಒಂದು ಪಂಕ್ಚರ್ ಆದ್ರೂ ಇನ್ನೊಂದು ಮನೆಗೆ ತಲುಪಿಸ್ತಿತ್ತು. ಈಗ ಸ್ಟಪ್ನಿನೂ ಇಲ್ಲ ಅಂತೀಯಲ್ಲೋ?’ ಅಂದರು. ಅದು ಸಿಗುವವರೆಗೆ ಮನೆಯಿಂದ ಇಪ್ಪತ್ತು ಮೈಲಿ ದಾಟುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.