ಸೀಗಡಿಯ ಕೊಲೆಸ್ಟ್ರಾಲ್ ಮತ್ತು ಕಪ್ಪೆಚಿಪ್ಪಿನ ಬಿ12

ಸೀಗಡಿ, ಏಡಿ, ಕಪ್ಪೆಚಿಪ್ಪುಗಳ ಮಾತು ಬಂದಾಗಲೆಲ್ಲ ಕೇಳಿಬರುವ ಮೊದಲ ಪ್ರಶ್ನೆ ಕೊಲೆಸ್ಟ್ರಾಲಿನದು. ಪ್ರಶ್ನೆ ಅಸಂಗತವೇನಲ್ಲ. ಬೇಯಿಸಿದ 100 ಗ್ರಾಂ ಸೀಗಡಿಯಲ್ಲಿ ಸುಮಾರು 190 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಕೋಳಿಮೊಟ್ಟೆಯಲ್ಲಿರುವಷ್ಟು ಕೊಲೆಸ್ಟ್ರಾಲ್ ಇರುತ್ತದೆ. ಆದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನಿಸಿಕೊಂಡ ಎಲ್‌ಡಿಎಲ್ ಏರುವುದಕ್ಕೆ ತಿನ್ನುವ ಕೊಲೆಸ್ಟ್ರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬು ದೊಡ್ಡ ಕಾರಣವಾಗಿದ್ದು, ಸೀಗಡಿಯಲ್ಲಿ ಆ ಕೊಬ್ಬು ತೀರಾ ಅತ್ಯಲ್ಪ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತದ ಕೊಬ್ಬಿನಂಶ ಸಹಜವಾಗಿದ್ದವರಿಗೆ ದಿನಕ್ಕೆ 300 ಗ್ರಾಂ ಸೀಗಡಿ ಕೊಟ್ಟು ನೋಡಿದಾಗ ಎಲ್‌ಡಿಎಲ್ ಸುಮಾರು ಶೇ 7ರಷ್ಟು ಏರಿತು. ಒಳ್ಳೆಯದೆನಿಸಿಕೊಂಡ ಎಚ್‌ಡಿಎಲ್ ಸುಮಾರು ಶೇ 12ರಷ್ಟು ಏರಿತು, ರಕ್ತದ ಮತ್ತೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಯಿತು. ಅಷ್ಟು ಸೀಗಡಿಯನ್ನು ದಿನವೂ ತಿನ್ನುವವರು ಎಷ್ಟು ಮಂದಿ ಸಿಕ್ಕಾರು ಎಂಬುದು ಬೇರೆ ಮಾತು. ಆನುವಂಶಿಕವಾಗಿ ಕೊಲೆಸ್ಟ್ರಾಲ್ ಹೆಚ್ಚಿರುವವರು ಮಾತ್ರ ವೈದ್ಯರ ಸಲಹೆಯನ್ನೇ ಅನುಸರಿಸಬೇಕು.

ಈ ಒಂದು ಭಯದಿಂದಾಗಿ ಚಿಪ್ಪುಜೀವಿಗಳ ನಿಜವಾದ ಸತ್ವದ ಬಗ್ಗೆ ಚರ್ಚೆಯೇ ನಡೆಯುವುದಿಲ್ಲ ಎಂಬುದು ನನ್ನ ತಕರಾರು. ಎರಡು ಬೇರೆಬೇರೆ ಬಗೆಯ ಪ್ರಾಣಿಗಳನ್ನು ನಾವು ಒಂದೇ ಹೆಸರಿನಡಿ ಸೇರಿಸುತ್ತೇವೆ: ಸೀಗಡಿ, ಏಡಿ, ಲಾಬ್‌ಸ್ಟರ್‌ಗಳಂತಹ ಗಟ್ಟಿ ಕವಚದ ಕಾಲುಳ್ಳ ಜೀವಿಗಳು ಒಂದು ಕಡೆ, ಕಪ್ಪೆಚಿಪ್ಪು, ಮಸಲ್, ಆಯ್‌ಸ್ಟರ್‌ಗಳಂತಹ ಎರಡು ಚಿಪ್ಪಿನ ಮೃದ್ವಂಗಿಗಳು ಇನ್ನೊಂದು ಕಡೆ. ಮೊದಲನೆಯ ಗುಂಪಿನ ಹೆಚ್ಚುಗಾರಿಕೆ ಪ್ರೋಟೀನು. ಬೇಯಿಸಿದ 100 ಗ್ರಾಂ ಸೀಗಡಿ ಸುಮಾರು 100 ಕ್ಯಾಲೊರಿಯಲ್ಲಿ 24 ಗ್ರಾಂನಷ್ಟು ಪ್ರೋಟೀನು ಕೊಡುತ್ತದೆ, ಅದರಲ್ಲಿ ಅಗತ್ಯ ಅಮೈನೋ ಆಮ್ಲಗಳೆಲ್ಲವೂ ಇರುತ್ತವೆ. ಏಡಿ, ಸೀಗಡಿಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಲ್ಲ, ತಾಮ್ರ. ಹಾಗಾಗಿ ಅವುಗಳ ಮಾಂಸದಲ್ಲಿ ತಾಮ್ರವೂ ಧಾರಾಳವಾಗಿ ದೊರೆಯುತ್ತದೆ. ಬೂದುಬಣ್ಣದ ಹಸಿ ಸೀಗಡಿ ಬಾಣಲೆಯಲ್ಲಿ ನೋಡನೋಡುತ್ತಿದ್ದಂತೆ ಕೇಸರಿಗೆ ತಿರುಗುವುದೂ ರಸಾಯನಶಾಸ್ತ್ರದ್ದೇ ಕೆಲಸ: ಪ್ರೋಟೀನಿನ ಹಿಡಿತದಲ್ಲಿದ್ದ ಆಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯವು ಶಾಖಕ್ಕೆ ಆ ಹಿಡಿತ ಸಡಿಲವಾದಾಗ ತನ್ನ ಸ್ವಂತ ಬಣ್ಣವನ್ನು ತೋರುತ್ತದೆ.

ಪೋಷಕಾಂಶಗಳ ಲೆಕ್ಕದಲ್ಲಿ ನಿಜವಾದ ಸಿರಿವಂತರು ಎರಡನೆಯ ಗುಂಪಿನವರು. ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಬಿ12 ಕೇವಲ 2.4 ಮೈಕ್ರೋಗ್ರಾಂ, ಬೇಯಿಸಿದ 100 ಗ್ರಾಂ ಕಪ್ಪೆಚಿಪ್ಪಿನ ಮಾಂಸದಲ್ಲಿ ಅದು 90 ಮೈಕ್ರೋಗ್ರಾಂಗೂ ಮೀರಿ ಇರಬಲ್ಲದು. ಈ ವಿಟಮಿನ್ನನ್ನು ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ, ನೀರನ್ನು ಸೋಸಿ ಅವನ್ನೇ ನುಂಗಿ ಬದುಕುವ ಮೃದ್ವಂಗಿಗಳಲ್ಲಿ ಅದು ಶೇಖರವಾಗುವುದು ಸಹಜ. ಆಯ್‌ಸ್ಟರ್‌ನ ವೈಶಿಷ್ಟ್ಯವೆಂದರೆ ಸತು. ತಳಿ ಮತ್ತು ನೀರಿಗೆ ತಕ್ಕಂತೆ ಪ್ರಮಾಣ ಬಹಳ ಬದಲಾಗುತ್ತದಾದರೂ, 100 ಗ್ರಾಂನಲ್ಲಿ 16 ಮಿಲಿಗ್ರಾಂ ಇದ್ದರೂ ಅದು ವಯಸ್ಕ ಪುರುಷನ ದಿನದ 11 ಮಿಲಿಗ್ರಾಂ ಅಗತ್ಯವನ್ನು ದಾಟುತ್ತದೆ. ಧಾನ್ಯ, ಕಾಳುಗಳಲ್ಲಿ ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇಲ್ಲಿ ಇಲ್ಲದಿರುವುದರಿಂದ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಮಸಲ್‌ನಲ್ಲಿ ಒಮೆಗಾ-3 ಕೊಬ್ಬು, ಸೆಲೆನಿಯಂ, ಮ್ಯಾಂಗನೀಸ್‌ಗಳು ಗಣನೀಯವಾಗಿವೆ. ಕಪ್ಪೆಚಿಪ್ಪಿನ ಕಬ್ಬಿಣದ ಅಂಕಿಗಳನ್ನು ಮಾತ್ರ ಎಚ್ಚರದಿಂದ ಓದಬೇಕು: 100 ಗ್ರಾಂಗೆ 28 ಮಿಲಿಗ್ರಾಂ ಎಂಬ ಹಳೆಯ ಅಂಕಿಯನ್ನು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕವು ನಂತರ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಸಿತು, ಆದರೂ ಹಳೆಯದೇ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ.

ಬಿ12 ಕೂಡಿಡುವ ಆ ಸೋಸುವ ಗುಣವೇ ಅಪಾಯವನ್ನೂ ತರುತ್ತದೆ. ನೀರಿನಲ್ಲಿ ವೈರಸ್ ಇದ್ದರೆ ಅದೂ ಒಳಗೆ ಸೇರುತ್ತದೆ. 1988ರಲ್ಲಿ ಶಾಂಘೈ ನಗರದಲ್ಲಿ ಸರಿಯಾಗಿ ಬೇಯಿಸದ ಕಪ್ಪೆಚಿಪ್ಪಿನಿಂದ ಸುಮಾರು ಮೂರು ಲಕ್ಷ ಜನರಿಗೆ ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಎ ವೈರಸ್ ತಗುಲಿತು. ಹಸಿ ಆಯ್‌ಸ್ಟರ್‌ನಲ್ಲಿರಬಹುದಾದ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಯಕೃತ್ತಿನ ಕಾಯಿಲೆ ಇರುವವರ ಪ್ರಾಣಕ್ಕೇ ಎರವಾಗಬಲ್ಲದು. ಚೆನ್ನಾಗಿ ಬೇಯಿಸಿದರೆ ಇವೆರಡರ ಭಯ ತೀರುತ್ತದೆ. ಆದರೆ ಕೆಲವು ಪಾಚಿಗಳು ಉತ್ಪಾದಿಸುವ ಸ್ಯಾಕ್ಸಿಟಾಕ್ಸಿನ್‌ನಂತಹ ನರವಿಷ ಬೇಯಿಸಿದರೂ ನಾಶವಾಗುವುದಿಲ್ಲವಾದ್ದರಿಂದ, ಅಂತಹ ಪಾಚಿ ಹಬ್ಬಿದ ನೀರಿನ ಚಿಪ್ಪುಗಳನ್ನು ತಿನ್ನದಿರುವುದೊಂದೇ ದಾರಿ. ಕೀಲುಗಳು ಊದಿ ನೋಯುವ ಗೌಟ್ ಕಾಯಿಲೆ ಇರುವವರು, ದೇಹದಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ಪ್ಯೂರೀನ್‌ನ ಕಾರಣಕ್ಕೆ ಮಿತಿಯಲ್ಲಿರಬೇಕು.

ಅಲರ್ಜಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಚಿಪ್ಪುಜೀವಿಗಳ ಅಲರ್ಜಿಗೆ ಅಯೋಡಿನ್ ಕಾರಣವೆಂದು ಹಲವರು ನಂಬಿ, ಸ್ಕ್ಯಾನಿಂಗ್‌ಗೆ ಬಳಸುವ ಅಯೋಡಿನ್‌ಯುಕ್ತ ದ್ರಾವಣಕ್ಕೂ ಹೆದರುತ್ತಾರೆ. ವಾಸ್ತವದಲ್ಲಿ ಮುಖ್ಯ ಕಾರಣ ಟ್ರೋಪೋಮಯೋಸಿನ್ ಎಂಬ ಸ್ನಾಯು ಪ್ರೋಟೀನು. ಅದು ಶಾಖಕ್ಕೆ ಸುಲಭವಾಗಿ ಕೆಡುವುದಿಲ್ಲ, ಹಾಗಾಗಿ ಎಷ್ಟು ಬೇಯಿಸಿದರೂ ಪದಾರ್ಥ ಅಲರ್ಜಿ ಇರುವವರಿಗೆ ಸುರಕ್ಷಿತವಾಗುವುದಿಲ್ಲ. ಮನೆಯ ಧೂಳಿನ ನುಸಿಯಲ್ಲೂ ಇದೇ ಬಗೆಯ ಪ್ರೋಟೀನು ಇರುವುದರಿಂದ ಕೆಲವರಿಗೆ ಎರಡರ ಅಲರ್ಜಿಯೂ ಒಟ್ಟಿಗೇ ಕಾಣಿಸಿಕೊಳ್ಳುತ್ತದೆ.